ಹಕ್ಕಿ, ಪತಂಗ ನೋಡಲು ಎಲ್ಲಿಂದ ಶುರು ಮಾಡಲಿ?

ದಿನಾ ಬೆಳಗ್ಗೆ ಅರ್ಧ ಗಂಟೆ ವಾಕಿಂಗ್ ಹೋಗುತ್ತೇನೆ. ವಸಂತ ಬಂದಾಗಿನಿಂದ ಮರಗಳ ತುಂಬ ಕೂಗು. ಆದರೆ ಒಂದು ಹಕ್ಕಿಯೂ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಮನೆ ದೀಪಕ್ಕೆ ಬರುವ ಪತಂಗಗಳೂ ಯಾವುವೆಂದು ಗೊತ್ತಾಗುವುದಿಲ್ಲ. ನೀವೆಲ್ಲ ಹೇಗೆ ಕಲಿತಿರಿ?

—

ನನಗೆ ಹಕ್ಕಿ ಕಾಣಲು ಶುರುವಾದದ್ದು ನಡೆಯುವುದನ್ನು ನಿಲ್ಲಿಸಿದ ಮೇಲೆ! ಹೂ ಬಿಟ್ಟ ಒಂದು ಮರ ಆರಿಸಿಕೊಳ್ಳಿ. ಅದರಿಂದ ಸ್ವಲ್ಪ ದೂರದಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಲಿ. ಮಾರನೆಯ ದಿನವೂ ಅದೇ ಮರ. ಮಕರಂದಕ್ಕೆ ಸೂರಕ್ಕಿ ಬಂದೇ ಬರುತ್ತದೆ.

ಕಿವಿಗೆ ವಾರಕ್ಕೊಂದು ದನಿ ಸಾಕು. ಮೊದಲು ಕಂಚುಕುಟಿಗ ಹಕ್ಕಿಯ ದನಿ ಹಿಡಿಯಿರಿ. ಪಾತ್ರೆ ಬಡಿದ ಹಾಗೆ ಟುಕ್ ಟುಕ್ ಟುಕ್, ಒಂದೇ ಲಯ. ಕೂಗುತ್ತಲೇ ತಲೆ ಆ ಕಡೆ ಈ ಕಡೆ ತಿರುಗಿಸುತ್ತದೆ. ಹಾಗಾಗಿ ದನಿ ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಎಲೆಗಳ ನಡುವೆ ಹುಡುಕಬೇಡಿ, ಬೋಳು ಕೊಂಬೆಯ ತುದಿ ನೋಡಿ. ಹಸಿರು ಮೈ, ಕೆಂಪು ಹಣೆ.

ಕೋಗಿಲೆಯಲ್ಲಿ ಕುಹೂ ಎನ್ನುವುದು ಗಂಡು, ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣಿಗೆ ಕಂದು ಮೈ ತುಂಬ ಬಿಳಿ ಚುಕ್ಕೆ, ದನಿ ಕಿಕ್ ಕಿಕ್ ಕಿಕ್. ಮೂರು ವರ್ಷ ಇವೆರಡೂ ಬೇರೆ ಬೇರೆ ಹಕ್ಕಿ ಎಂದುಕೊಂಡಿದ್ದೆ. ಕಾಗೆಗಳು ಯಾರನ್ನಾದರೂ ಅಟ್ಟಿಸಿಕೊಂಡು ಹೋಗುತ್ತಿದ್ದರೆ ತಕ್ಷಣ ತಲೆ ಎತ್ತಿ. ಅವುಗಳ ಗೂಡಲ್ಲಿ ಮೊಟ್ಟೆಯಿಡಲು ಬಂದ ಕೋಗಿಲೆಯೇ ಇರಬಹುದು.

—

ಬೈನಾಕ್ಯುಲರ್ ಕೊಳ್ಳುವುದಾದರೆ 8x42 ನೋಡಿ. ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು ಪಟ್ಟಿನದು ಕೈ ನಡುಗಿದರೆ ಚಿತ್ರವನ್ನೂ ಜಾಸ್ತಿ ನಡುಗಿಸುತ್ತದೆ. ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ನನಗೆ ತುಂಬ ಸಹಾಯವಾಗಿದೆ. ಆದರೂ ಕಣ್ಣಾರೆ ಕಾಣುವವರೆಗೆ ನಾನು ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

—

ಪತಂಗಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ಚಂದ್ರನಿಲ್ಲದ, ಗಾಳಿಯಿಲ್ಲದ, ಸೆಕೆಯ ರಾತ್ರಿ ಒಂದು ಬಿಳಿ ಬಟ್ಟೆ ಕಟ್ಟಿ ಅದರ ಮೇಲೆ ಬೆಳಕು ಬಿಡಿ. ನೇರಳಾತೀತ ದೀಪವಾದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ದಿಟ್ಟಿಸಿ ನೋಡಬೇಡಿ. ಪತಂಗಕ್ಕೆ ಬೆಳಕೆಂದರೆ ಆಸೆ ಎಂದು ನಾವೆಲ್ಲ ಹೇಳುತ್ತೇವೆ ಅಲ್ವಾ? 2024ರಲ್ಲಿ ಸಂಶೋಧಕರು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ನೋಡಿದಾಗ ಬೇರೆಯೇ ಕಂಡಿತು. ಹಾರುವ ಕೀಟ ತನ್ನ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಬೆಳಕು ಮೇಲೆ ಆಕಾಶದಿಂದ ಬರುವಾಗ ಅದರಿಂದ ನೆಟ್ಟಗೆ ಹಾರಬಹುದು. ದೀಪ ಪಕ್ಕದಲ್ಲಿದ್ದರೆ ಮೈ ವಾಲಿ ಸುತ್ತು ಹಾಕುತ್ತಲೇ ಇರುತ್ತದೆ. ಇದನ್ನು ಓದಿದ ಮೇಲೆ ಒಂದು ಗಂಟೆಗಿಂತ ಜಾಸ್ತಿ ದೀಪ ಉರಿಸಲು ನನಗೆ ಮನಸ್ಸು ಬರುವುದಿಲ್ಲ.

ಚಿಟ್ಟೆಯೋ ಪತಂಗವೋ ಎಂಬ ಅನುಮಾನ ಬಂದರೆ ಮೀಸೆ ನೋಡಿ. ಚಿಟ್ಟೆಯ ಮೀಸೆಯ ತುದಿ ಗುಂಡು. ಪತಂಗದ್ದು ಸಾಮಾನ್ಯವಾಗಿ ದಾರದಂತೆ ಇಲ್ಲವೇ ಗರಿಯಂತೆ.

—

ಬೆಳಗಾಗುವ ಮೊದಲೇ ಕಟ್ಟಿದ ಬಿಳಿ ಬಟ್ಟೆಯನ್ನು ಬಿಚ್ಚಿ, ಕೂತ ಪತಂಗಗಳನ್ನು ಮೆಲ್ಲಗೆ ಪೊದೆಯೊಳಗೆ ಬಿಡಿ. ನಮ್ಮ ಮನೆಯ ಮಡಿವಾಳ ಹಕ್ಕಿ ಮೂರೇ ದಿನದಲ್ಲಿ ಆ ಬಟ್ಟೆಯ ಮೇಲಿನ ಪತಂಗಗಳ ರುಚಿ ಕಂಡುಕೊಂಡಿತ್ತು.

ನಂದಿಬಟ್ಟಲು ಗಿಡ ಇದ್ದರೆ ಎಲೆಯ ಅಡಿಯನ್ನೂ ನೋಡಿ. ಬಾಲದಲ್ಲಿ ಕೊಂಬು, ತಲೆಯ ಹಿಂದೆ ಎರಡು ನೀಲಿ ಕಣ್ಣಿನಂಥ ಗುರುತು, ಬೆರಳುದ್ದದ ಹಸಿರು ಹುಳು ಸಿಕ್ಕರೆ ಓಡಿಸಬೇಡಿ. ಅದು ಹಸಿರು ರೆಕ್ಕೆಯ ದೊಡ್ಡ ಪತಂಗದ ಮರಿ. ಬೆಳೆದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಗಿಡದಿಂದ ಇಳಿಯುತ್ತದೆ, ತರಗೆಲೆಯೊಳಗೆ ಕೋಶವಾಗುತ್ತದೆ. ಆ ದಿನಗಳಲ್ಲಿ ಬುಡ ಗುಡಿಸಬೇಡಿ.