ಒಂದು ವೋಟಿನ ಸಂತೇಮರಹಳ್ಳಿ ಕ್ಷೇತ್ರ ಎಲ್ಲಿ ಹೋಯಿತು? ನಿವೃತ್ತ ತಹಶೀಲ್ದಾರರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್ ನಮಸ್ತೆ. ನಮ್ಮ ತಾಯಿಯ ತವರು ಸಂತೇಮರಹಳ್ಳಿ ಹತ್ತಿರ. ಅಲ್ಲಿ ಎಲೆಕ್ಷನ್ ಮಾತು ಬಂದರೆ ಸಾಕು, ಒಂದು ವೋಟಿನಲ್ಲಿ ಸೋತ ಕಥೆ ಶುರುವಾಗುತ್ತದೆ. ಡ್ರೈವರ್ ಒಬ್ಬ ವೋಟು ಹಾಕಿದ್ದರೆ ಗೆಲ್ತಿದ್ರು ಅಂತಾರೆ. ನಿಜವಾ? ಮತ್ತೆ ಆ ಕ್ಷೇತ್ರವೇ ಈಗ ಪಟ್ಟಿಯಲ್ಲಿ ಇಲ್ಲವಲ್ಲ, ಯಾಕೆ?

ಉತ್ತರ: ನಮಸ್ಕಾರ. ನಾನು ಚುನಾವಣೆ ಕೆಲಸ ಮಾಡಿದ್ದು ಬೇರೆ ಜಿಲ್ಲೆಗಳಲ್ಲಿ, ಆದರೆ ಈ ಫಲಿತಾಂಶ ನಮ್ಮ ಇಲಾಖೆಯಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. 2004ರ ವಿಧಾನಸಭೆ ಚುನಾವಣೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಷ್ಟೇ.

ಡ್ರೈವರ್ ಕಥೆ ಪತ್ರಿಕೆಗಳಲ್ಲೂ ಬಂದಿದೆ. ಮತದಾನದ ದಿನ ಕೃಷ್ಣಮೂರ್ತಿಯವರ ಕಾರು ಓಡಿಸುವ ಕೆಲಸದಲ್ಲಿದ್ದವನಿಗೆ ವೋಟು ಹಾಕೋಕೆ ಪುರುಸೊತ್ತೇ ಸಿಗಲಿಲ್ಲ ಅಂತ. ಕಥೆ ಚೆನ್ನಾಗಿದೆ, ಲೆಕ್ಕ ಸರಿ ಇಲ್ಲ. ಅವನು ಹಾಕಿದ್ದರೂ ಕೃಷ್ಣಮೂರ್ತಿ ಗೆಲ್ಲುತ್ತಿರಲಿಲ್ಲ. ಇಬ್ಬರಿಗೂ 40,752 ಆಗುತ್ತಿತ್ತು. ಆಗ 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು. ಚೀಟಿ ಯಾರ ಹೆಸರಿಗೆ ಬಂತೋ ಅವರಿಗೆ ಒಂದು ವೋಟು ಜಾಸ್ತಿ ಬಂದಿದೆ ಅಂತಲೇ ಕಾನೂನು ಲೆಕ್ಕ ಹಿಡಿಯುತ್ತದೆ.

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಅವತ್ತು ಆ ಕ್ಷೇತ್ರದಲ್ಲಿ ಮತಗಟ್ಟೆ ಕಡೆ ತಲೆ ಹಾಕದವರು ಎಷ್ಟೋ ಜನ. ಕೂಲಿಗೆ ಹೋದವರು, ಬೆಂಗಳೂರಿನಿಂದ ಬರದವರು, ಸುಮ್ನೆ ಮನೇಲಿ ಕೂತವರು. ಅವರೆಲ್ಲರ ಪಾಲಿನ ದೂರು ಇಪ್ಪತ್ತು ವರ್ಷದಿಂದ ಒಬ್ಬ ಡ್ರೈವರ್ ತಲೆ ಮೇಲೆ ಕೂತಿದೆ.

ಪ್ರಶ್ನೆ (ಇನ್ನೊಬ್ಬರು): ಒಂದೇ ವೋಟು ಅಂದ ಮೇಲೆ ಮರುಎಣಿಕೆ ಮಾಡಿದರೆ ಆಚೆ ಈಚೆ ಆಗಲ್ವಾ ಸಾರ್?

ಉತ್ತರ: 2004ರಲ್ಲಿ ಎಲ್ಲಾ ಕಡೆ ಇವಿಎಂ ಬಂದಿತ್ತು. ಮಷಿನ್‌ನಲ್ಲಿ ಮರುಎಣಿಕೆ ಅಂದರೆ ರಿಸಲ್ಟ್ ಬಟನ್ ಮತ್ತೆ ಒತ್ತುವುದು. ಹತ್ತು ಸಲ ಒತ್ತಿ, ಅದೇ ಅಂಕಿ ತೋರಿಸುತ್ತದೆ. ಬರೆದುಕೊಳ್ಳುವಾಗ, ಕೂಡುವಾಗ ಎಡವಿದ್ದರೆ ಮಾತ್ರ ಸಿಗುತ್ತದೆ.

ಇಂಥ ಕಡೆ ನಮ್ಮ ಎದೆ ಹೊಡೆದುಕೊಳ್ಳುವುದು ಅಂಚೆ ಮತದ ಟೇಬಲ್ ಹತ್ತಿರ. ಅದರಲ್ಲಿ ಎರಡು ಲಕೋಟೆ ಇರುತ್ತವೆ. ದೊಡ್ಡದನ್ನು ಬಿಚ್ಚಿದರೆ ಒಳಗೆ ಒಂದು ಘೋಷಣಾ ಪತ್ರ, ನಮೂನೆ 13ಎ, ಮತ್ತೆ ಮತಪತ್ರ ಇರುವ ಚಿಕ್ಕ ಲಕೋಟೆ. ಮೊದಲು ನೋಡುವುದು ಘೋಷಣೆಯನ್ನ. ಅದಕ್ಕೆ ಮತದಾರನ ಸಹಿ ಇಲ್ಲ, ಅಥವಾ ಅಧಿಕಾರಿಯ ದೃಢೀಕರಣ ಇಲ್ಲ ಅಂದರೆ ಚಿಕ್ಕ ಲಕೋಟೆ ಬಿಚ್ಚುವುದೇ ಇಲ್ಲ, ಹಾಗೇ ತಿರಸ್ಕಾರ. ಹಾಕಿದವರು ಯಾರು ಅಂದುಕೊಂಡಿರಿ? ಚುನಾವಣೆ ಕೆಲಸಕ್ಕೆ ಹೋದ ಮೇಷ್ಟ್ರು, ಪೊಲೀಸರು, ಗುಮಾಸ್ತರು. ಊರಿಗೆಲ್ಲ ವೋಟು ಹಾಕಿಸಿ ಬಂದವರ ವೋಟೇ ಒಂದು ಸಹಿ ಇಲ್ಲದೆ ಕಸಕ್ಕೆ ಹೋಗುತ್ತದೆ!

ಮರುಎಣಿಕೆ ಬೇಕಾದರೆ ಫಲಿತಾಂಶ ಘೋಷಿಸುವ ಮೊದಲೇ ಅಭ್ಯರ್ಥಿ ಅಥವಾ ಏಜೆಂಟ್ ಕಾರಣ ಕೊಟ್ಟು ಬರೆದು ಕೇಳಬೇಕು. ಘೋಷಣೆ ಆದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ, 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. ಈಗಂತೂ ತಿರಸ್ಕೃತ ಅಂಚೆ ಮತಗಳು ಗೆಲುವಿನ ಅಂತರಕ್ಕಿಂತ ಜಾಸ್ತಿ ಇದ್ದರೆ ಅವನ್ನೆಲ್ಲ ಮತ್ತೆ ನೋಡಲೇಬೇಕು ಅಂತ ಆಯೋಗದ ಸೂಚನೆ ಇದೆ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ರಾತ್ರಿಯವರೆಗೂ ಎಳೆದಾಡಿ ಕೊನೆಗೆ 16 ವೋಟಿನ ಅಂತರ ಬಂತಲ್ಲ, ಅಲ್ಲೂ ಜಗಳ ಇದೇ ಅಂಚೆ ಮತದ್ದು.

ಪ್ರಶ್ನೆ (ಮೊದಲು ಕೇಳಿದವರು): ಸರಿ ಸರ್, ಕ್ಷೇತ್ರ ಯಾಕೆ ಹೋಯಿತು ಹೇಳಲೇ ಇಲ್ಲ. ಒಂದು ವೋಟಿನ ಗಲಾಟೆಯಿಂದಲೇ ತೆಗೆದರು ಅಂತಾರೆ ನಮ್ಮ ಮಾವ.

ಉತ್ತರ: ಮಾವನಿಗೆ ನಮಸ್ಕಾರ ತಿಳಿಸಿ, ಆದರೆ ಹಾಗಲ್ಲ. ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ಹೋಗಿದ್ದು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಇಟ್ಟುಕೊಂಡು ಗಡಿ ಎಳೆಯಿತು. ಕರ್ನಾಟಕದ ಒಟ್ಟು ಸೀಟು 224, ಅದನ್ನು ಮುಟ್ಟುವ ಹಾಗಿಲ್ಲ. ರಾಜ್ಯದ ಜನಸಂಖ್ಯೆ ಆಗ ಸುಮಾರು 5.28 ಕೋಟಿ. ಭಾಗಿಸಿ ನೋಡಿ, ಸೀಟಿಗೆ ಹತ್ತಿರ ಹತ್ತಿರ 2.36 ಲಕ್ಷ ಜನ. ಚಾಮರಾಜನಗರ ಜಿಲ್ಲೆಯಲ್ಲಿ ಇದ್ದವರು ಸುಮಾರು 9.65 ಲಕ್ಷ. ನಾಲ್ಕು ಸೀಟಿಗೆ ಸರಿಹೋಯಿತು, ಐದನೆಯದಕ್ಕೆ ಜನ ಇಲ್ಲ. ಅತ್ತ ಬೆಂಗಳೂರು ನಗರದ 16 ಸೀಟು 28 ಆಯಿತು. ಅಷ್ಟು ಸೀಟು ಎಲ್ಲಿಂದ ಬರಬೇಕು? ಹಳ್ಳಿ ಕಡೆ ಕ್ಷೇತ್ರಗಳಿಂದಲೇ. ಡಿ.ಕೆ. ಶಿವಕುಮಾರ್ ಅವರ ಸಾತನೂರು ಹೋಗಿದ್ದೂ ಇದೇ ಸಲ.

ಹೊಸ ಗಡಿಯ ಮೇಲೆ ದೇಶದಲ್ಲಿ ಮೊದಲು ಚುನಾವಣೆ ನಡೆದಿದ್ದು ನಮ್ಮ ರಾಜ್ಯದಲ್ಲೇ, 2008ರ ಮೇ ತಿಂಗಳಲ್ಲಿ. ಸಂತೇಮರಹಳ್ಳಿ, ಯಳಂದೂರು ಕಡೆ ಊರುಗಳು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿಕೊಂಡವು. ಅದೂ ಮೀಸಲು ಕ್ಷೇತ್ರವೇ.

ಪ್ರಶ್ನೆ (ಕೊಳ್ಳೇಗಾಲದವರು): ಹಾಗಾದರೆ ಆ ಇಬ್ಬರು ಆಮೇಲೆ ಏನಾದರು?

ಉತ್ತರ: ಒಳ್ಳೆ ಪ್ರಶ್ನೆ. ಎಲ್ಲರೂ 2004ಕ್ಕೇ ಕಥೆ ನಿಲ್ಲಿಸಿಬಿಡುತ್ತಾರೆ. ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಮರುವರ್ಷ ಚಾಮರಾಜನಗರ ಲೋಕಸಭೆಗೆ ನಿಂತರು. ಎದುರಿಗೆ ಯಾರು ಅಂತೀರಿ? ಅದೇ ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ಇಡೀ ಲೋಕಸಭಾ ಕ್ಷೇತ್ರದಲ್ಲಿ ನಾಲ್ಕು ಸಾವಿರದ ಆಸುಪಾಸಿನ ಅಂತರ, ಗೆದ್ದವರು ಮತ್ತೆ ಧ್ರುವನಾರಾಯಣ. 2014ರಲ್ಲೂ ಇವರಿಬ್ಬರೇ, ಆಗ ಅಂತರ 1.4 ಲಕ್ಷ ದಾಟಿತು. 2019ರಲ್ಲಿ ಧ್ರುವನಾರಾಯಣ ಅವರೇ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ವೋಟಿನಿಂದ ಸೋತರು.

ಕೃಷ್ಣಮೂರ್ತಿ ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ, ಮನೆತನದ ಹೆಸರು ದೊಡ್ಡದು. ಆದರೂ ಕಾದು ಕಾದು ಸುಸ್ತಾಗುವಷ್ಟು ಕಾಯಬೇಕಾಯಿತು. ಆಮೇಲೆ ಕಾಂಗ್ರೆಸ್‌ಗೇ ಬಂದರು. 2018ರಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋಲು. 2023ರಲ್ಲಿ ಅದೇ ಮಹೇಶ್ ಬಿಜೆಪಿಯಿಂದ ನಿಂತಾಗ 59 ಸಾವಿರಕ್ಕೂ ಜಾಸ್ತಿ ಅಂತರದ ಗೆಲುವು. ಧ್ರುವನಾರಾಯಣ ಅದೇ ವರ್ಷ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳಿರುವಾಗ ತೀರಿಕೊಂಡಿದ್ದರು. ಅವರ ಮಗ ದರ್ಶನ್ ನಂಜನಗೂಡಿನಿಂದ ಗೆದ್ದರು.

ಪ್ರಶ್ನೆ: ಸಂತೇಮರಹಳ್ಳಿ ಕ್ಷೇತ್ರ ಮತ್ತೆ ಬರುತ್ತಾ ಸರ್? ಹಳೆಯ ಫಲಿತಾಂಶ ಎಲ್ಲಿ ನೋಡಬಹುದು?

ಉತ್ತರ: ಈಗಿನ ಗಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಇರುತ್ತದೆ. ಆಮೇಲೆ ಒಟ್ಟು ಸೀಟು ಹೆಚ್ಚಿಸಿದರೆ ಒಂದು ಆಸೆ ಇಟ್ಟುಕೊಳ್ಳಬಹುದು. 224ರಲ್ಲೇ ನಿಂತರೆ ಕಷ್ಟ, ಬೆಂಗಳೂರು ಇನ್ನೂ ಬೆಳೆದಿದೆಯಲ್ಲ. ಹಳೆಯ ಫಲಿತಾಂಶಕ್ಕೆ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಪ್ರತಿ ಚುನಾವಣೆಯ ಅಂಕಿಅಂಶ ವರದಿ ಇದೆ. 2008ರ ವರದಿ ತೆಗೆದರೆ ಸಂತೇಮರಹಳ್ಳಿ ಸಿಗಲ್ಲ, 2004 ಮತ್ತು ಅದರ ಹಿಂದಿನವು ನೋಡಿ. ಪಕ್ಕದಲ್ಲಿ ಮೂರನೆಯ, ನಾಲ್ಕನೆಯ ಅಭ್ಯರ್ಥಿಗಳಿಗೆ ಎಷ್ಟು ಬಂದಿದೆ ಅಂತಲೂ ನೋಡಿ, ಮಾವನ ಜೊತೆ ವಾದ ಮಾಡೋಕೆ ಬೇಕಾಗುತ್ತದೆ.