ಚಿಕ್ಕಬಳ್ಳಾಪುರ–ಕೋಲಾರ ಸೀಮೆಯಲ್ಲಿ ಹವಳದ ಅಕ್ವೇರಿಯಂ: ನಮ್ಮದೇ ಬಳಗವನ್ನು ಯಾವುದರಿಂದ ಶುರು ಮಾಡಬೇಕು?

ನಂದಿ_ತಪ್ಪಲು (ಚಿಕ್ಕಬಳ್ಳಾಪುರ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮತ್ತು ಕೋಲಾರದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವ ನಾವು ಕೆಲವರು ಒಬ್ಬರ ಮೂಲಕ ಇನ್ನೊಬ್ಬರಿಗೆ ಪರಿಚಯವಾಗಿದ್ದು, ಈಗ ಒಂದು ಬಳಗ ಕಟ್ಟಿಕೊಳ್ಳುವ ಯೋಚನೆಯಲ್ಲಿದ್ದೇವೆ. ಮೀನು, ಉಪ್ಪು, ಟೆಸ್ಟ್ ಕಿಟ್, ಸಲಹೆ ಎಲ್ಲಕ್ಕೂ ಇಲ್ಲಿಯವರೆಗೆ ಬೆಂಗಳೂರನ್ನೇ ನೆಚ್ಚಿಕೊಂಡು ಬಂದಿದ್ದೇವೆ. ಅಲ್ಲಿನ ಹವ್ಯಾಸಿಗಳು ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಲ್ಲಿಯಲ್ಲಿ ಕಾವೇರಿ ನೀರು ಬರುವ ಮನೆಯವರ ಅನುಭವ, ಸಾವಿರ ಅಡಿಗಿಂತ ಆಳದಿಂದ ನೀರೆತ್ತುವ ನಮ್ಮ ಕೊಳವೆಬಾವಿಗಳಿಗೆ ನೇರವಾಗಿ ಹೊಂದುವುದಿಲ್ಲ. ನಮ್ಮ ಮನೆಯ ಬಾವಿಯ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 900ರ ಆಸುಪಾಸಿನಲ್ಲಿದೆ. ಫ್ಲೋರೈಡ್ ಇರುವುದು ಈ ಸೀಮೆಯವರಿಗೆಲ್ಲ ಗೊತ್ತಿರುವ ಸಂಗತಿ.

ಹಾಗಾಗಿ ನನ್ನ ಮೊದಲ ಸಂದೇಹ ನೀರಿನದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತರುವ ಕ್ಯಾನ್ ನೀರಿಗೆ ಉಪ್ಪು ಬೆರೆಸಿ ಹವಳದ ಟ್ಯಾಂಕಿಗೆ ಹಾಕಬಹುದೇ, ಅಥವಾ ಮನೆಯಲ್ಲೇ ಬೇರೆ ಏರ್ಪಾಡು ಬೇಕೇ ಬೇಕೆ? ಎರಡನೆಯದು ಬಳಗದ ವಿಚಾರ. ನಮ್ಮಲ್ಲಿ ಕೆಲವರು, ಎಲ್ಲರೂ ಸೇರಿ ಒಟ್ಟಿಗೆ ಮೀನು ಮತ್ತು ಹವಳ ತರಿಸುವುದೇ ಬಳಗದ ಮುಖ್ಯ ಉದ್ದೇಶವಾಗಲಿ ಎನ್ನುತ್ತಾರೆ. ಹಾಗೆ ಮಾಡಿದರೆ ನಾಲ್ಕು ಬಾರಿ ಪಾರ್ಸೆಲ್ ಬಂದ ಮೇಲೆ ಬಳಗವೇ ಚದುರಿಹೋಗುತ್ತದೆಂಬ ಅಳುಕು ನನ್ನದು. ಹವಳದ ತುಂಡುಗಳನ್ನು ನಮ್ಮ ನಮ್ಮೊಳಗೆ ಹಂಚಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇದೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಕಲ್ಪತರು_ರೀಫ್ (ತುಮಕೂರು) ಅವರ ಉತ್ತರ:

ನೀರಿನ ಪ್ರಶ್ನೆಯನ್ನು ಮೊದಲು ಕೇಳಿದ್ದು ಬಹಳ ಒಳ್ಳೆಯದಾಯಿತು. ಘಟಕದ ನೀರನ್ನು ಹಾಗೆಯೇ ಬಳಸಬೇಡಿ. ಆ ಯಂತ್ರವನ್ನು ಮನುಷ್ಯರು ಕುಡಿಯುವುದಕ್ಕೆಂದು ಹೊಂದಿಸಿರುತ್ತಾರೆ. ರುಚಿ ಉಳಿಯಲೆಂದು ಸ್ವಲ್ಪ ಕಚ್ಚಾ ನೀರನ್ನು ಬೆರೆಸುವ ಘಟಕಗಳಿವೆ, ಮೆಂಬ್ರೇನ್ ಹಳತಾದಂತೆ ಟಿಡಿಎಸ್ ಏರುತ್ತಲೂ ಹೋಗುತ್ತದೆ. ಕುಡಿಯುವವರಿಗೆ ಟಿಡಿಎಸ್ 100 ಇದ್ದರೆ ಏನೂ ಆಗುವುದಿಲ್ಲ. ಆದರೆ ಆ ನೂರರಲ್ಲಿ ನೈಟ್ರೇಟ್ ಎಷ್ಟು, ಸಿಲಿಕೇಟ್ ಎಷ್ಟು, ಫಾಸ್ಫೇಟ್ ಎಷ್ಟು ಎಂಬುದನ್ನು ಮೀಟರ್ ಹೇಳುವುದಿಲ್ಲ, ಮತ್ತು ಟ್ಯಾಂಕಿನಲ್ಲಿ ಆವಿಯಾಗುವುದು ನೀರು ಮಾತ್ರವಾದ್ದರಿಂದ ಅವೆಲ್ಲ ವಾರದಿಂದ ವಾರಕ್ಕೆ ಕೂಡುತ್ತಲೇ ಹೋಗುತ್ತವೆ. ಗಾಜಿನ ಮೇಲೆ ಪದೇ ಪದೇ ಕಂದು ಪಾಚಿ ಕಟ್ಟುವ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಹಾಕುವ ನೀರನ್ನೇ. ನಲ್ಲಿ ಹಿತ್ತಾಳೆಯದಾಗಿದ್ದರೆ ಅಷ್ಟಿಷ್ಟು ತಾಮ್ರವೂ ಸೇರಬಹುದು. ಮೀನು ತಾಳಿಕೊಳ್ಳುವಷ್ಟು ತಾಮ್ರವನ್ನು ಸೀಗಡಿ, ಬಸವನಹುಳು ಮತ್ತು ಹವಳ ತಾಳಿಕೊಳ್ಳುವುದಿಲ್ಲ.

ಮನೆಯ ಆರ್‌ಒ ಯಂತ್ರದ ನಂತರ ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರಿಕೊಳ್ಳುವ ಮಣಿಗಳು) ಇರುವ ಒಂದು ಕೊಳವೆಯನ್ನು ಜೋಡಿಸಿಕೊಳ್ಳಿ. ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಡ್ಜ್ ಇದ್ದರೆ ಅದಕ್ಕೂ ಮುಂಚೆಯೇ, ಮೆಂಬ್ರೇನಿನಿಂದ ನೇರವಾಗಿ ನೀರನ್ನು ತೆಗೆದುಕೊಳ್ಳಬೇಕು. ಒಳ್ಳೆಯ ಮೆಂಬ್ರೇನ್ ಕರಗಿದ ಲವಣಗಳಲ್ಲಿ ನೂರಕ್ಕೆ ಸುಮಾರು 95 ಭಾಗವನ್ನು ತಡೆಯುತ್ತದೆ. ಅಂದರೆ ನಿಮ್ಮ 900 ಇಳಿದು 45 ಆಗುತ್ತದೆ, ಉಳಿದದ್ದನ್ನು ರೆಸಿನ್ ಸೊನ್ನೆಗೆ ತರಬೇಕು. ನಮ್ಮ ಕಡೆಯ ನೀರಿನಲ್ಲಿ ರೆಸಿನ್ ಬಹಳ ಬೇಗ ಮುಗಿಯುತ್ತದೆಂದು ಎಲ್ಲರೂ ದೂರುತ್ತಾರೆ, ಅದಕ್ಕೆ ಇನ್ನೂ ಒಂದು ಕಾರಣವಿದೆ. ಆಳದಿಂದ ಆಗಷ್ಟೇ ಮೇಲೆ ಬಂದ ಕೊಳವೆಬಾವಿ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿರುತ್ತದೆ. ಅದು ಅನಿಲವಾದ್ದರಿಂದ ಮೆಂಬ್ರೇನನ್ನು ಸಲೀಸಾಗಿ ದಾಟಿ, ಟಿಡಿಎಸ್ ಮೀಟರಿಗೂ ಸರಿಯಾಗಿ ಸಿಗದೆ, ರೆಸಿನ್ನಿನ ಶಕ್ತಿಯನ್ನು ತಿಂದುಹಾಕುತ್ತದೆ. ಆರ್‌ಒ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು, ಏರ್ ಸ್ಟೋನ್ ಹಾಕಿ ಒಂದು ದಿನ ಗಾಳಿಯಾಡಿಸಿ, ಆಮೇಲೆ ಡಿಐ ಕೊಳವೆಯಲ್ಲಿ ಹಾಯಿಸಿದರೆ ರೆಸಿನ್ ಗಮನಾರ್ಹವಾಗಿ ಹೆಚ್ಚು ಕಾಲ ಬರುತ್ತದೆ.

ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ನೀರು ಹೊರಗೆ ಹೋಗುತ್ತದೆ. ನೀರಿಗೆ ಇಷ್ಟು ಬರವಿರುವ ಜಿಲ್ಲೆಗಳಲ್ಲಿ ಅದನ್ನು ಮೋರಿಗೆ ಬಿಡುವುದು ಸರಿಯಲ್ಲ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಆದರೆ ಫ್ಲೋರೈಡ್ ಮತ್ತು ಲವಣ ಅದರಲ್ಲಿ ಇನ್ನೂ ಸಾಂದ್ರವಾಗಿರುವುದರಿಂದ ದನಕರುಗಳ ಬಾನಿಗೆ ಮಾತ್ರ ತುಂಬಿಸಬೇಡಿ.

ಮಂಗಳೂರಿನಿಂದ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತರಿಸೋಣವೆಂದು ಯಾರಾದರೂ ಸೂಚಿಸಬಹುದು. ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ಆ ದಡದಲ್ಲಿ ಮಳೆಗಾಲದ ನೀರು ಉಪ್ಪಿನಂಶ ಕಳೆದುಕೊಂಡು ಕೆಸರಾಗಿರುತ್ತದೆ. ನಮ್ಮಂಥ ಒಳನಾಡಿನವರಿಗೆ ಪ್ಯಾಕೆಟ್ ಉಪ್ಪೇ ನಂಬಿಕೆಯದು. ಲೀಟರಿಗೆ 38ರಿಂದ 40 ಗ್ರಾಂ ಬೆರೆಸಿದರೆ ಸಾವಿರಕ್ಕೆ 35ರ ಲವಣಾಂಶ ಸಿಗುತ್ತದೆ.

ಅಂತರಗಂಗೆ (ಕೋಲಾರ) ಅವರ ಉತ್ತರ:

ಬಳಗದ ವಿಚಾರದಲ್ಲಿ ನಿಮ್ಮ ಅಳುಕು ನ್ಯಾಯವಾದದ್ದು. ಒಟ್ಟಿಗೆ ತರಿಸುವುದು ತಪ್ಪಲ್ಲ, ಆದರೆ ಅದೇ ಮೊದಲಾದರೆ ಮಾತೆಲ್ಲ ದುಡ್ಡಿನ ಸುತ್ತಲೇ ಸುತ್ತುತ್ತದೆ. ಪಾರ್ಸೆಲ್‌ನಲ್ಲಿ ಸತ್ತ ಮೀನು ಯಾರ ಲೆಕ್ಕಕ್ಕೆ ಎಂಬಲ್ಲಿ ಮನಸ್ಸುಗಳು ಕೆಡುತ್ತವೆ. ನಾನು ಹೇಳುವುದಾದರೆ ಬಳಗವನ್ನು ಅಳತೆಯಿಂದ ಶುರು ಮಾಡಿ. ಮೊದಲ ಸಭೆಗೆ ಪ್ರತಿಯೊಬ್ಬರೂ ತಮ್ಮ ಟ್ಯಾಂಕಿನ ನೀರು ಮತ್ತು ತಮ್ಮ ರಿಫ್ರ್ಯಾಕ್ಟೋಮೀಟರ್ (ಲವಣಾಂಶ ಅಳೆಯುವ ಉಪಕರಣ) ತರಲಿ. 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಡಿಐ ನೀರಿನಲ್ಲಿ ಕರಗಿಸಿದರೆ, ರಿಫ್ರ್ಯಾಕ್ಟೋಮೀಟರಿನಲ್ಲಿ ಅದು 35ರ ಸಮುದ್ರದ ನೀರಿನಂತೆಯೇ ಓದುತ್ತದೆ. ನಿಖರವಾದ ತಕ್ಕಡಿ ಇರುವ ಒಬ್ಬರು ಇದನ್ನು ತಯಾರಿಸಿ ತಂದರೆ ಎಲ್ಲರ ಉಪಕರಣವೂ ಒಂದೇ ಕಡೆ ಸರಿಯಾಗುತ್ತದೆ. ಬರಿಯ ನೀರಿನಲ್ಲಿ ಸೊನ್ನೆ ತೋರಿಸುವ ಉಪಕರಣ 35ರ ಹತ್ತಿರ ಎರಡು ಮೂರು ಅಂಕ ಆಚೀಚೆ ಇರುವುದು ಸಾಮಾನ್ಯ.

ಅದೇ ದಿನ ಒಂದೇ ಕಿಟ್‌ನಿಂದ ಎಲ್ಲರ ನೀರಿನ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ಗುಣ) ನೋಡಿ. ಸಮುದ್ರದಲ್ಲಿ ಅದು ಸುಮಾರು 7 ಡಿಕೆಎಚ್ (ಅದನ್ನು ಅಳೆಯುವ ಮಾನ). ಟ್ಯಾಂಕಿನಲ್ಲಿ 8ರಿಂದ 9ರ ನಡುವೆ ಅಲುಗಾಡದೆ ನಿಂತರೆ ಸಾಕು. ಯಾರ ನೀರು ಎಲ್ಲಿ ನಿಂತಿದೆ ಎಂದು ಎಲ್ಲರಿಗೂ ಗೊತ್ತಾದ ಬಳಗದಲ್ಲಿ ಸಲಹೆ ಊಹೆಯ ಮೇಲೆ ನಡೆಯುವುದಿಲ್ಲ. ಆಮೇಲೆ ಎಲ್ಲರಿಗೂ ಸೇರಿದ ಒಂದು ಹೆಚ್ಚುವರಿ ರಿಟರ್ನ್ ಪಂಪ್, ಒಂದು ಹೀಟರ್, ಬೆರೆಸಿಟ್ಟ ಒಂದು ಡ್ರಮ್ ಉಪ್ಪುನೀರು ಯಾರದಾದರೂ ಮನೆಯಲ್ಲಿರಲಿ. ಭಾನುವಾರ ರಾತ್ರಿ ಪಂಪ್ ನಿಂತುಹೋದರೆ ನಮ್ಮ ಊರುಗಳಲ್ಲಿ ಅದಕ್ಕೆ ಯಾವ ಅಂಗಡಿಯೂ ಇಲ್ಲ. ಬಳಗ ಬೇಕಾಗುವುದು ಆ ಹೊತ್ತಿಗೆ. ಮನೆಯವರೆಲ್ಲ ಮದುವೆಗೋ ಜಾತ್ರೆಗೋ ಹೋದಾಗ ನಿಮ್ಮ ಟ್ಯಾಂಕನ್ನು ಬಲ್ಲ ಒಬ್ಬರು ಬಂದು ನೀರು ತುಂಬಿಸಿ, ಮೀನಿಗೆ ಮೇವು ಹಾಕಿ ಹೋಗುವ ಏರ್ಪಾಡು ಇದ್ದರಂತೂ ಬೇರೆ ಮಾತೇ ಬೇಡ.

ಹಿಪ್ಪುನೇರಳೆ (ಶಿಡ್ಲಘಟ್ಟ) ಅವರ ಉತ್ತರ:

ಕಾನೂನಿನ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಬಳಗದ ಎಲ್ಲರೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಗಟ್ಟಿ ಅಸ್ಥಿಪಂಜರ ಕಟ್ಟುವ ಎಲ್ಲ ಸ್ಕ್ಲೆರ್‍ಯಾಕ್ಟೀನಿಯನ್ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 2001ರಲ್ಲಿಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ಸಮುದ್ರಕುದುರೆ ಮತ್ತು ಸಮುದ್ರ ಸೌತೆ ಕೂಡ ಅದೇ ಸಾಲಿನಲ್ಲಿವೆ. ಲೈವ್ ರಾಕ್ ಎಂದು ಮಾರುವ ಕಲ್ಲು ಬಹುಮಟ್ಟಿಗೆ ಹವಳದ ಹಳೆಯ ಅಸ್ಥಿಪಂಜರವೇ ಆಗಿರುತ್ತದೆ. ನಮ್ಮ ಕಡಲಿನಿಂದ ಕಿತ್ತು ತಂದ ಕಲ್ಲನ್ನು ಯಾರೂ ಮನೆಗೆ ತರಬಾರದು. ಕೃತಕ ಸೆರಾಮಿಕ್ ಕಲ್ಲಿನಲ್ಲಿಯೂ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಅಷ್ಟೇ ಚೆನ್ನಾಗಿ ನೆಲೆಸುತ್ತವೆ, ನಾಲ್ಕರಿಂದ ಆರು ವಾರ ಕಾಯುವ ಸಹನೆ ಬೇಕಷ್ಟೆ.

ವಿದೇಶದಿಂದ ಬಂದವುಗಳಿಗೆ ಇನ್ನೊಂದು ಪದರವಿದೆ. 2022ರ ತಿದ್ದುಪಡಿಯ ಮೂಲಕ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ನಾಲ್ಕನೆಯ ಅನುಸೂಚಿಗೆ ಬಂದಿದ್ದು, ಅವುಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಗಟ್ಟಿ ಹವಳಗಳು ಮತ್ತು ಟ್ರೈಡಾಕ್ನಾ ಎಂಬ ದೈತ್ಯ ಚಿಪ್ಪಿನ ಮೃದ್ವಂಗಿಗಳು ಆ ಪಟ್ಟಿಯಲ್ಲಿವೆ. ಝೋಆಂಥಿಡ್, ಮಶ್ರೂಮ್ ಮತ್ತು ಲೆದರ್ ಹವಳಗಳು ಸ್ಕ್ಲೆರ್‍ಯಾಕ್ಟೀನಿಯನ್ ಗುಂಪಿಗೆ ಸೇರುವುದಿಲ್ಲ. ಆದ್ದರಿಂದ ನಮ್ಮ ಬಳಗದ ವಿನಿಮಯ ಟ್ಯಾಂಕಿನಲ್ಲೇ ಬೆಳೆದ ಇಂಥ ಮೃದು ಹವಳಗಳಿಗೆ ಸೀಮಿತವಾಗಿರಲಿ, ಅದನ್ನೂ ಅರಣ್ಯ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿಯೇ ಮುಂದುವರಿಯೋಣ ಎಂಬುದು ನನ್ನ ಅಭಿಪ್ರಾಯ.

ಇದನ್ನು ಬರಿಯ ಕಾನೂನಿನ ಭಯದಿಂದ ಹೇಳುತ್ತಿಲ್ಲ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಸಮುದ್ರ ಬಿಸಿಯಾಗಿ ಬಿಳಿಚಿಕೊಂಡವು, 2024ರಲ್ಲಿ ಮತ್ತೆ ಅದೇ ಆಯಿತು. ನಮ್ಮದೇ ರಾಜ್ಯದ ಮುರ್ಡೇಶ್ವರದ ಎದುರು ನೇತ್ರಾಣಿಯಲ್ಲಿ ಹವಳಗಳಿವೆ. ಅಲ್ಲಿ ಉಳಿದಿರುವುದು ಅಲ್ಲಿಯೇ ಇರಬೇಕೆಂದು ಬಯಸುವವರು ಮಾತ್ರ ಈ ಹವ್ಯಾಸಕ್ಕೆ ಬರಲಿ. ಮೀನಿನ ವಿಷಯದಲ್ಲಿ ಒಳ್ಳೆಯ ದಾರಿಯಿದೆ: ಕ್ಲೌನ್ ಮೀನನ್ನು ಮೊಟ್ಟೆಯಿಂದಲೇ ಬೆಳೆಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ವಿಳಿಂಞಂ ಮತ್ತು ಮಂಡಪಂ ಕೇಂದ್ರಗಳಲ್ಲಿ ರೂಪಿಸಿದೆ. ಹ್ಯಾಚರಿಯಲ್ಲಿ ಹುಟ್ಟಿದ ಮೀನು ಒಣ ಮೇವನ್ನು ತಕ್ಷಣ ತಿನ್ನುತ್ತದೆ, ತೊಟ್ಟಿಯ ಬದುಕಿಗೆ ಒಗ್ಗಿಯೂ ಇರುತ್ತದೆ.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ, ಕಾನೂನಿನ ಭಾಗವನ್ನು ನಮ್ಮ ಗುಂಪಿನಲ್ಲಿ ಹಾಗೆಯೇ ಓದಿ ಹೇಳುತ್ತೇನೆ. ಮೃದು ಹವಳ ಹಂಚುವಾಗ ರೋಗ ಹರಡದಂತೆ ಏನು ಎಚ್ಚರ ವಹಿಸಬೇಕು, ಮತ್ತು ಕರೆಂಟು ಹೋದಾಗ, ಬೇಸಿಗೆಯಲ್ಲಿ ನೀವು ಹೇಗೆ ನಿಭಾಯಿಸುತ್ತೀರಿ ಎಂಬುದನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಚಿನ್ನದ_ಗಣಿ (ಕೆಜಿಎಫ್) ಅವರ ಉತ್ತರ:

ಹವಳದ ತುಂಡಿನ ಜೊತೆ ಬರುವ ದೊಡ್ಡ ಪಿಡುಗು ಬಿಳಿಚುಕ್ಕೆ ರೋಗದ್ದು. ಅದರ ಪರಾವಲಂಬಿ ಹವಳಕ್ಕೆ ತೊಂದರೆ ಕೊಡುವುದಿಲ್ಲ, ಆದರೆ ತುಂಡು ಅಂಟಿಸಿದ ಬಿಲ್ಲೆಯ, ಅಂದರೆ ಪ್ಲಗ್‌ನ ಮೇಲೆ ಕೋಶ ಕಟ್ಟಿಕೊಂಡು ಕುಳಿತು ಇನ್ನೊಬ್ಬರ ಮನೆಯ ಮೀನನ್ನು ಹಿಡಿಯುತ್ತದೆ. ಮೀನೇ ಇಲ್ಲದ ಸಣ್ಣ ತೊಟ್ಟಿಯಲ್ಲಿ ಎರಡೂವರೆ ತಿಂಗಳು ಇಟ್ಟರೆ ಅದಕ್ಕೆ ಆಶ್ರಯ ಸಿಗದೆ ಸಾಯುತ್ತದೆ. ಅಂಥ ಒಂದು ತೊಟ್ಟಿಯನ್ನು ಬಳಗದ ಪರವಾಗಿ ಯಾರಾದರೂ ಇಟ್ಟುಕೊಳ್ಳುವುದು ಒಳ್ಳೆಯದು. ಝೋಆಂಥಿಡ್ ಮತ್ತು ಪ್ಯಾಲಿಥೋವಾ ಕತ್ತರಿಸುವವರು ಕೈಗವಸು, ಕನ್ನಡಕ ಎರಡನ್ನೂ ಹಾಕಲೇಬೇಕು. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಅತಿ ಘೋರ ವಿಷವಿರುತ್ತದೆ. ಅವು ಅಂಟಿರುವ ಕಲ್ಲನ್ನು ಕುದಿಸಲೇಬಾರದು, ಬಿಸಿನೀರು ಸುರಿದು ಉಜ್ಜಲೂಬಾರದು, ಏಕೆಂದರೆ ಆ ಹಬೆಯನ್ನು ಉಸಿರಾಡಿದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಕರೆಂಟು ಹೋದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ. ಬ್ಯಾಟರಿಯಿಂದ ನಡೆಯುವ ಒಂದು ಏರ್ ಪಂಪ್ ಎಲ್ಲರ ಮನೆಯಲ್ಲೂ ಇರಲೇಬೇಕು. ಇನ್ವರ್ಟರ್ ಕೊಳ್ಳುವವರು ಸೈನ್ ವೇವ್ ಮಾದರಿಯನ್ನೇ ಆರಿಸಿ. ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪುಗಳು ಗುಂಯ್ಗುಡುತ್ತಾ ಬಿಸಿಯಾಗುತ್ತವೆ. ಉಪ್ಪುನೀರಿನ ಹತ್ತಿರ ವಿದ್ಯುತ್ ಇರುವುದರಿಂದ 30 ಮಿಲಿಆಂಪಿಯರ್‌ನ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದೆ ಯಾವ ಪ್ಲಗ್ಗನ್ನೂ ಸಿಕ್ಕಿಸಬೇಡಿ.

ಬೇಸಿಗೆಯಲ್ಲಿ ನಮಗೊಂದು ಅನುಕೂಲವಿದೆ. ಕರಾವಳಿಯ ಹಾಗೆ ಇಲ್ಲಿ ತೇವವಿಲ್ಲ, ಮಾರ್ಚ್–ಏಪ್ರಿಲಿನ ಒಣ ಗಾಳಿಯಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಚಿಲ್ಲರ್ ಇಲ್ಲದೆ 27ರ ಒಳಗೆ ಇಡಲು ಎಷ್ಟೋ ಮನೆಗಳಲ್ಲಿ ಅದೇ ಸಾಕಾಗುತ್ತದೆ. ಅದರ ಬೆಲೆ ನೀರು. 200 ಲೀಟರಿನ ಟ್ಯಾಂಕಿನಲ್ಲಿ 35ರ ಲೆಕ್ಕದಲ್ಲಿ ಏಳು ಕಿಲೋ ಉಪ್ಪು ಇರುತ್ತದೆ. ದಿನಕ್ಕೆ ನಾಲ್ಕು ಲೀಟರ್ ಆವಿಯಾದರೂ ಆ ಏಳು ಕಿಲೋ ಅಲ್ಲಿಯೇ ಉಳಿಯುತ್ತದೆ. ಮೂರು ದಿನ ತುಂಬಿಸದೆ ಬಿಟ್ಟರೆ ಲವಣಾಂಶ 37 ದಾಟುತ್ತದೆ. ಹಾಗಾಗಿ ಇಳಿದ ಮಟ್ಟಕ್ಕೆ ಸಿಹಿನೀರನ್ನೇ, ಅಂದರೆ ಆರ್‌ಒಡಿಐ ನೀರನ್ನೇ ತುಂಬಿಸಬೇಕು, ಉಪ್ಪುನೀರನ್ನಲ್ಲ. ಡಿಸೆಂಬರಿನಲ್ಲಿ ನಂದಿಬೆಟ್ಟದ ಕಡೆಯವರಿಗೆ ಹೀಟರ್ ಬೇಕೇ ಬೇಕು, ಆ ರಾತ್ರಿಗಳಲ್ಲಿ ನೀರು 22ಕ್ಕಿಂತ ಕೆಳಗಿಳಿಯುತ್ತದೆ.

ಅಂತರಗಂಗೆ (ಕೋಲಾರ):

ಸಭೆಗೆ ನೀರು ತರುವವರಿಗೆ ಒಂದು ಸೂಚನೆ. ಬಾಟಲಿಯನ್ನು ಸೋಪು ಹಾಕದೆ ಟ್ಯಾಂಕಿನ ನೀರಿನಿಂದಲೇ ಎರಡು ಮೂರು ಸಲ ತೊಳೆದು, ಗಾಳಿಗೆ ಜಾಗವಿಲ್ಲದಂತೆ ಕಂಠದವರೆಗೂ ತುಂಬಿ, ಅಂದು ಬೆಳಿಗ್ಗೆ ತೆಗೆದದ್ದನ್ನೇ ತನ್ನಿ. ಹಾಕುವ ಸಿಹಿನೀರನ್ನು ಬೇರೆ ಬಾಟಲಿಯಲ್ಲಿ ತಂದರೆ ಅದರ ಟಿಡಿಎಸ್ ಕೂಡ ಅಲ್ಲಿಯೇ ನೋಡೋಣ. ಶಿಡ್ಲಘಟ್ಟದ ಮೇಡಂ ಒಪ್ಪಿದರೆ ಮೊದಲ ಸಭೆ ಅಲ್ಲಿಯೇ ಆಗಲಿ, ಚಿಂತಾಮಣಿಯವರಿಗೂ ಚಿಕ್ಕಬಳ್ಳಾಪುರದವರಿಗೂ ಅದೇ ನಡುವಿನ ಊರು.