ಈಸ್ಟರಿಗೆ ನಿಮಗೆ ಯಾವ ಸಿಹಿ ಇಷ್ಟ? ಮಾರ್ಜಿಪಾನ್ ಮೊಟ್ಟೆಯಾ, ಚಾಕ್ಲೇಟ್ ಮೊಟ್ಟೆಯಾ?

ಕುಂಬ್ಳೆಬಾಯಿ:
ನಮ್ಮನೆ ಜಗಳ ಒಂದು ಬಿಡಿಸಿ ಕೊಡಿ ಮಾರಾಯ್ರೆ. ಈ ಸಲ ಪಾಸ್ಕ ಹಬ್ಬಕ್ಕೆ ನಾದಿನಿ ದುಬೈಯಿಂದ ಬರುವಾಗ ಒಂದು ಚೀಲ ತುಂಬ ತಂದಿದ್ಳು, ಕ್ಯಾಡ್ಬರಿ ಕ್ರೀಮ್ ಎಗ್, ಲಿಂಡ್ಟ್‌ನ ಚಿನ್ನದ ಕಾಗದ ಸುತ್ತಿದ ಮೊಲ, ಜೆಲ್ಲಿ ಬೀನ್ಸ್, ಎಂತೆಂತದೋ. ಮಕ್ಕಳಿಗೆ ಊಟ ಬೇಡ ತಿಂಡಿ ಬೇಡ ಅದೇ. ನಾನು ಪ್ರತೀ ವರ್ಷ ಮಂಗ್ಳೂರಿಂದ ತರಿಸುವ, ಗೇರುಬೀಜ ಸಕ್ಕರೆ ಅರೆದು ಮೊಟ್ಟೆ ಆಕಾರಕ್ಕೆ ಒತ್ತಿದ ಮಾರ್ಜಿಪಾನ್ ಮೊಟ್ಟೆ ಮಾತ್ರ ಫ್ರಿಜ್ಜಿನಲ್ಲಿ ಹಾಗೇ ಕೂತಿದೆ, ದೊಡ್ಡವ ಹೇಳ್ತಾನೆ "ಮಮ್ಮಿ ಅದು ಕಾಜು ಬರ್ಫಿಗೆ ಮೇಕಪ್ ಮಾಡಿದ್ದು" ಅಂತ! ಕ್ರೀಮ್ ಎಗ್ ನಾನೂ ತಿಂದು ನೋಡಿದೆ, ಒಳಗೆ ಬಿಳಿ ಹಳದಿ ಎರಡೂ ನಿಜವಾದ ಮೊಟ್ಟೆ ಹಾಗೇ ಉಂಟು, ಚಂದ ಉಂಟು, ಆದ್ರೆ ಅರ್ಧಕ್ಕೇ ಹಲ್ಲು ಜುಂ ಅಂತು. ನನ್ನ ಓಟು ಮಾರ್ಜಿಪಾನಿಗೆ. ನಿಮ್ಮದು?

ಅಡಕೆತೋಟ_ಬದಿಯಡ್ಕ:
ನಮಗೆ ಈಸ್ಟರ್ ಇಲ್ಲ ಬಾಯಿ, ಆದ್ರೆ ಬೇಲಿಯಾಚೆ ಮನೆಯಿಂದ ವರ್ಷವೂ ಡಬ್ಬಿ ಬರ್ತದೆ, ಮೊಟ್ಟೆಯ ಬಿಳಿ ಹಾಕಿದ್ದು ಅಂತ ಅಮ್ಮ ಮುಟ್ಟುವುದಿಲ್ಲ, ನಾನು ಹಿಂದಿನ ಜಗಲಿಯಲ್ಲಿ ಕೂತು ಖಾಲಿ ಮಾಡುವುದು 😄 ಅದರ ಮೇಲಿನ ಗುಲಾಬಿ ಐಸಿಂಗಿನ ಹೂ ಉಂಟಲ್ಲ, ಕಟುಂ ಅಂತ ಕಚ್ಚುವುದು, ಅದಕ್ಕೆ ನನ್ನ ಓಟು. ಮತ್ತೆ ದುಬೈಯಿಂದ ಚಾಕ್ಲೇಟ್ ಹೊತ್ತು ತರುವುದು ಎಂತಕ್ಕೆ? ನಮ್ಮ ಅಡಕೆ ಮರದ ಮಧ್ಯೆಯೇ ಕೊಕ್ಕೋ ಉಂಟು, ಪುತ್ತೂರಿನಲ್ಲಿ ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದವರ ಚಾಕ್ಲೇಟ್ ಫ್ಯಾಕ್ಟರಿ 1986ರಿಂದ ಉಂಟು. ನಿಜ ಹೇಳ್ಬೇಕಂದ್ರೆ ಕೊಕ್ಕೋ ಕಾಯಿ ಒಡೆದು ಬೀಜದ ಮೇಲಿನ ಬಿಳಿ ಲೋಳೆ ಚೀಪಿದವನಿಗೆ ಯಾವ ಚಾಕ್ಲೇಟೂ ಬೇಡ. ಅಳಿಲು ಬಿಟ್ಟರೆ.

ವರ್ಕಾಡಿ_ಟು_ಲೆಸ್ಟರ್:
ಆಂಟಿ ನಾನು ಮೂರು ವರ್ಷದಿಂದ ಇಂಗ್ಲೆಂಡಿನಲ್ಲಿ ಇದ್ದೇನೆ, ಕ್ರೀಮ್ ಎಗ್ಗಿಗೆ ಬೈಬೇಡಿ. ಇಲ್ಲಿ ಅದು ಜನವರಿಯಿಂದ ಈಸ್ಟರ್ ತನಕ ಮಾತ್ರ ಅಂಗಡಿಯಲ್ಲಿ ಕಾಣುವುದು, ಹಾಗಾಗಿ ನಮ್ಮೂರಲ್ಲಿ ಮಾವಿನಹಣ್ಣಿಗೆ ಕಾಯುವ ಹಾಗೆ ಕಾಯ್ತಾರೆ. 1963ರಲ್ಲಿ ಫ್ರೈಸ್ ಅನ್ನುವ ಚಾಕ್ಲೇಟ್ ಕಂಪನಿಯ ಹೆಸರಲ್ಲಿ ಬಂದದ್ದಂತೆ, ಕ್ಯಾಡ್ಬರಿ ಹೆಸರು ಹಾಕಿದ್ದು 1971ರಲ್ಲಿ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ತಿನ್ನಿ, ಸಿಹಿ ಸ್ವಲ್ಪ ಕಮ್ಮಿ ಅನ್ನಿಸ್ತದೆ. ಆದ್ರೂ ನನ್ನ ಫೇವರಿಟ್ ಮಿನಿ ಎಗ್ಸ್, ಬಣ್ಣದ ಸಕ್ಕರೆ ಸಿಪ್ಪೆ, ಒಳಗೆ ಗಟ್ಟಿ ಚಾಕ್ಲೇಟ್, ಜೇಬಿಗೆ ಹಾಕ್ಕೊಂಡು ಬಸ್ಸು ಕಾಯುವಾಗ ಒಂದೊಂದೇ.

ನಿಮ್ಮ ದೊಡ್ಡವನಿಗೆ ಹೇಳಿ, ಮಾರ್ಜಿಪಾನ್ ಇಲ್ಲಿಯೂ ಈಸ್ಟರಿಗೆ ಉಂಟು. ಸಿಮ್ನೆಲ್ ಕೇಕ್ ಅಂತ ಮಾಡ್ತಾರೆ, ಮೇಲೆ ಮಾರ್ಜಿಪಾನಿನ 11 ಉಂಡೆ ಇಡುವುದು, ಏಸುವಿನ ಹನ್ನೆರಡು ಶಿಷ್ಯರಲ್ಲಿ ದ್ರೋಹ ಮಾಡಿದ ಯೂದನನ್ನು ಬಿಟ್ಟು. ಆದ್ರೆ ಇವರದ್ದು ಬಾದಾಮಿದು, ನನಗೆ ನಮ್ಮ ಗೇರುಬೀಜದ್ದೇ ಆಗ್ಬೇಕು.

ಬೇಳದ_ಅಜ್ಜಿ:
ತಂಗೀ, ಬೇಕರಿಯದ್ದು ತಿಂದು ಮಕ್ಕಳು ಬೇಡ ಅಂದ್ರೆ ಮಕ್ಕಳದ್ದು ತಪ್ಪಲ್ಲ, ಕೆಲವರು ಎಸೆನ್ಸ್ ಸುರಿದು ಸೋಪಿನ ಹಾಗೆ ಮಾಡಿ ಇಡ್ತಾರೆ. ಮನೆಯಲ್ಲಿ ಮಾಡು. ಬಿಳಿ ಗೇರುಬೀಜ ನೆನೆಸಿ ರೋಸ್ ವಾಟರ್ ಸ್ವಲ್ಪ ಸ್ವಲ್ಪ ಹಾಕಿ ನುಣ್ಣಗೆ ಅರಿ, ಸಕ್ಕರೆ, ಮೊಟ್ಟೆಯ ಬಿಳಿ ಸೇರಿಸಿ ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಮಗುಚು, ಕೈ ಸೋತಿತು ಅಂತ ನಿಲ್ಲಿಸಿದ್ಯೋ ಕೆಂಪಾಯ್ತು. ಒಂದು ಚೂರು ತೆಗೆದು ಉಂಡೆ ಕಟ್ಟಿ ನೋಡು, ಬೆರಳಿಗೆ ಅಂಟಬಾರದು. ಮೋಲ್ಡಿಗೆ ಬೆಣ್ಣೆ ಸವರಿ ಒತ್ತಿ, ಎರಡು ಅರ್ಧ ಬೇರೆ ಬೇರೆ ಒಣಗಿದ ಮೇಲೆ ಐಸಿಂಗಿನಲ್ಲಿ ಅಂಟಿಸುವುದು. ನಾನೊಮ್ಮೆ ಬೆಣ್ಣೆ ಮರೆತು ಹೋಗಿ ಹನ್ನೆರಡೂ ಮೋಲ್ಡಿನಲ್ಲೇ ಉಳಿದು ಚಮಚದಲ್ಲಿ ಕೆರೆದು ತಿಂದಿದ್ದೇವೆ, ಆ ವರ್ಷದ್ದೇ ರುಚಿ ಅಂತ ಮೊಮ್ಮಕ್ಕಳು ಈಗಲೂ ಹೇಳ್ತಾರೆ. ಹಾಂ, ಮನೆಯಲ್ಲಿ ಸುಟ್ಟ ಬೀಜ ಮಾತ್ರ ಹಾಕ್ಬೇಡ, ಹೊಗೆ ವಾಸನೆ ಬರ್ತದೆ.

ಕುಂಬ್ಳೆಬಾಯಿ:
ಅಯ್ಯೋ, ನಾನು ಗುಡ್ಡೆಯ ಬೀಜ ಸುಟ್ಟು ಗುದ್ದಿ ಎರಡು ಕಿಲೋ ಇಟ್ಟಿದ್ದೆ ಬಾಯಿ, ಅದು ಆಗುವುದಿಲ್ಲ ಅಂದ್ರೆ ಪಾಯಸಕ್ಕೆ ಹಾಕ್ತೇನೆ ಬಿಡಿ. @ಅಡಕೆತೋಟ ಅಣ್ಣ, ಮುಂದಿನ ವರ್ಷ ನಿಮಗೊಂದು ಡಬ್ಬಿ ನನ್ನ ಲೆಕ್ಕ, ಅಮ್ಮನಿಗೆ ಹೇಳ್ಬೇಡಿ.

ಮತ್ತೆ ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿತ್ತಲ್ಲ, ಆ ಚಿನ್ನದ ಮೊಲವನ್ನು ಚಿಕ್ಕವಳು ಕಿಟಕಿಯಲ್ಲಿ ಶೋಕಿಗೆ ಇಟ್ಟಿದ್ಳು. ಕಿವಿ ಎರಡೂ ಮಡಚಿ, ಸೊಂಟ ಕುಸಿದು, ಕುತ್ತಿಗೆಯ ಕೆಂಪು ರಿಬ್ಬನ್ನು ಗಂಟೆ ಮಾತ್ರ ಮೇಲೆ. ಈಗ ಮೂರೂ ಮಕ್ಕಳು ಕಾಗದ ನೆಕ್ತಾ ಇದ್ದಾರೆ, ಗಂಟೆ ಯಾರಿಗೆ ಅಂತ ಇನ್ನೊಂದು ಜಗಳ. ಮೋಲ್ಡ್ ನಮ್ಮ ಕಡೆ ಎಲ್ಲಿ ಸಿಗ್ತದೆ, ಯಾರಿಗಾದ್ರೂ ಗೊತ್ತುಂಟಾ?